ಹಿಡಿಯಕ್ಕಿ ಡಬ್ಬಿ, ಪಿಎಫ್ ಪಾಸ್‌ಬುಕ್

ನಮ್ಮಮ್ಮನ ಅಡುಗೆಮನೇಲಿ ಅಕ್ಕಿ ಡ್ರಮ್ ಪಕ್ಕ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ, ಮುಚ್ಚಳ ಸೊಟ್ಟ ಆಗಿದೆ, ತುಕ್ಕೂ ಹಿಡಿದಿದೆ, ಆದ್ರೂ ಬಿಸಾಕೋಕೆ ಬಿಡಲ್ಲ. ಅನ್ನಕ್ಕೆ ಅಂತ ಪಾವಲ್ಲಿ ಅಕ್ಕಿ ಅಳೆದು ಪಾತ್ರೆಗೆ ಹಾಕಿದ್ಮೇಲೆ, ತೊಳಿಯೋಕೆ ಮುಂಚೆ, ಅದ್ರಿಂದ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕ್ತಾರೆ. ದಿನಾ ಎರಡು ಹೊತ್ತು. ನಾನು ಚಿಕ್ಕೋಳಿದ್ದಾಗ ಒಂದ್ಸಲ ಅಮ್ಮಂಗೆ ಹೆಲ್ಪ್ ಮಾಡೋಣ ಅಂತ ಸೀದಾ ಡ್ರಮ್ಮಿಂದಲೇ ತೆಗೆದು ಹಾಕಿದ್ದೆ, ಅಮ್ಮ ಕೈ ಹಿಡ್ಕೊಂಡು ವಾಪಸ್ ಸುರಿಸಿದ್ರು. "ಡ್ರಮ್ಮಿಂದ ತೆಗೆದ್ರೆ ನಮ್ಗೇನೇ ಕಮ್ಮಿ ಆಯ್ತು? ನಾವು ಉಣ್ಣೋದ್ರಲ್ಲಿ ತೆಗಿಬೇಕು" ಅಂದ್ರು.

ಇದು ಹಿಡಿಯಕ್ಕಿ ಕಾಣಿಕೆ. ನಮ್ಮ ಮೈಸೂರು ಕಡೆ ಸಭೆಗಳಲ್ಲಿ, ಅಂದ್ರೆ ಚರ್ಚುಗಳಲ್ಲಿ, ಬೆಳೆದೋರಿಗೆ ಗೊತ್ತಿರುತ್ತೆ. ತಿಂಗಳ ಕೊನೇಲಿ ಹೆಂಗಸರು ಡಬ್ಬಿ ತಂದು ದೊಡ್ಡ ಚೀಲಕ್ಕೆ ಸುರಿತಾರೆ, ಸೋನಾ ಮಸೂರಿ, ದಪ್ಪಕ್ಕಿ, ರೇಷನ್ ಅಕ್ಕಿ ಎಲ್ಲ ಬೆರ್ತು ಹೋಗುತ್ತೆ, ಯಾರದ್ದು ಯಾವ್ದು ಅಂತ ಹೇಳೋಕಾಗಲ್ಲ. ಅದು ಕಷ್ಟದಲ್ಲಿರೋ ಮನೆಗೆ ಹೋಗುತ್ತೆ. ನಾನು ಹುಟ್ಟಿದ್ದು ಮೈಸೂರಿನ ಮಿಷನ್ ಆಸ್ಪತ್ರೇಲಿ, 1906ರಲ್ಲಿ ಶುರುವಾಗಿದ್ದು ಅದು, ಓದಿದ್ದು ಮಿಷನ್ ಸ್ಕೂಲಲ್ಲಿ, ಹಂಗಾಗಿ ಕ್ರಿಸ್ತನನ್ನ ನಂಬೋದು ಅಂದ್ರೆ ಯಾರಿಗಾದ್ರೂ ಏನಾದ್ರೂ ಮಾಡೋದು ಅಂತ ನಂಗೆ ಯಾರೂ ಕೂರಿಸಿ ಹೇಳ್ಕೊಡ್ಬೇಕಾಗಿರ್ಲಿಲ್ಲ, ಅದು ಗಾಳಿಲೇ ಇತ್ತು.

ನಾನ್ ಹೇಳ್ಬೇಕಂತಿರೋದು ಅದಾದ್ಮೇಲೆ ಏನು ಅನ್ನೋದ್ನ.

ಮದ್ವೆ ಆಗಿ ಬೆಂಗಳೂರಿಗೆ ಬಂದೆ, ಇಲ್ಲಿ ಒಂದು ಕನ್ನಡ ಸಭೆ ಸೇರ್ಕೊಂಡ್ವಿ. ಆ ಸಭೇಲಿ ಕೊನೇ ಬೆಂಚಲ್ಲಿ ಒಬ್ರು ಅಕ್ಕ ಕೂರ್ತಿದ್ರು. ಪೌರಕಾರ್ಮಿಕರು. ಭಾನುವಾರನೂ ಬೆಳಗ್ಗೆ ಕೆಲ್ಸ ಇರೋದು, ರಸ್ತೆ ಗುಡಿಸಿ, ಮೇಸ್ತ್ರಿ ಹತ್ರ ಹಾಜರಿ ಹಾಕ್ಸಿ ಬರೋಷ್ಟೊತ್ತಿಗೆ ಪಾಸ್ಟರ್ ಮಾಡೋ ಪ್ರಸಂಗ ಅರ್ಧ ಮುಗಿದಿರೋದು. ಯೂನಿಫಾರ್ಮ್ ಕೋಟು ತೆಗೆದು ಮಡಚಿ ಕವರಲ್ಲಿಟ್ಟು, ಹೊರಗಡೆ ನಲ್ಲಿಲಿ ಕೈ ಕಾಲು ತೊಳ್ಕೊಂಡು, ಸೆರಗು ತಲೆ ಮೇಲೆ ಹಾಕ್ಕೊಂಡು ಸದ್ದಿಲ್ದೆ ಬಂದು ಕೂತ್ಕೊಳ್ಳೋರು. ವರ್ಷಗಟ್ಲೆ ನಂಗೂ ಅವ್ರಿಗೂ "ಸ್ತೋತ್ರ ಅಕ್ಕ", "ಸ್ತೋತ್ರ ಕಣಮ್ಮ" ಅಷ್ಟೇ ಮಾತು, ಅದಕ್ಕೆ ನಂಗೆ ಈಗ್ಲೂ ನಾಚಿಕೆ ಆಗುತ್ತೆ.

2015ರ ಡಿಸೆಂಬರ್. ಪ್ರತಿ ಕ್ರಿಸ್‌ಮಸ್‌ಗೂ ಮಾಡೋ ಹಂಗೆ ಮಹಿಳಾ ಕೂಟದಿಂದ ಬಡವರಿಗೆ ಸೀರೆ ಕೊಡೋ ಕಾರ್ಯಕ್ರಮ. ಹೆಸರು ಕರೀತಾರೆ, ಬಂದು ತಗೋಬೇಕು, ಫೋಟೋ ತೆಗೀತಾರೆ. ಅಕ್ಕನ ಹೆಸರು ಕರೆದ್ರು, ಅವರು ಏಳ್ಲಿಲ್ಲ. ಇನ್ನೊಂದ್ಸಲ ಕರೆದ್ರು. ನಾನೇ ಸೀರೆ ತಗೊಂಡು ಅವ್ರ ಬೆಂಚಿನ ಹತ್ರ ಹೋದೆ. ಅವರು ನನ್ನ ಕೈ ಹಿಡ್ಕೊಂಡು, ಮೆಲ್ಲಗೆ, ಯಾರಿಗೂ ಕೇಳಿಸ್ದೇ ಇರೋ ಹಂಗೆ ಹೇಳಿದ್ರು, "ಸೀರೆ ಬ್ಯಾಡ ಕಣಮ್ಮ. ಮೂರು ತಿಂಗ್ಳಿಂದ ಸಂಬ್ಳ ಆಗಿಲ್ಲ. ಅದ್ನ ಕೇಳಾಕೆ ಯಾರಾನಾ ನನ್ ಜೊತೆ ಬತ್ತೀರಾ?"

ಆ ಕೈ ನಂಗಿನ್ನೂ ನೆನಪಿದೆ. ಪೊರಕೆ ಹಿಡಿದು ಹಿಡಿದು ಹೆಬ್ಬೆರಳಿನ ಬುಡ ಗಂಟು ಕಟ್ಕೊಂಡಿತ್ತು, ಅಂಗೈ ಸೀಳು ಸೀಳು.

ಸೀರೆ ಕೊಡೋದು ಸುಲಭ ಕಣ್ರೀ. ಮೂರು ತಿಂಗ್ಳ ಸಂಬ್ಳ ಕೊಡದೇ ಇರೋನ ಹತ್ರ ಹೋಗಿ ಯಾಕ್ ಕೊಟ್ಟಿಲ್ಲ ಅಂತ ಕೇಳೋದು ಬೇರೇನೇ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಬೈಬಲಲ್ಲಿ ಯಾಕೋಬನ ಪತ್ರಿಕೆ ತೆಗೆದೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನೋ ಎರಡನೇ ಅಧ್ಯಾಯದ ಮಾತು ನಮ್ಗೆಲ್ಲ ಬಾಯಿಪಾಠ, ಪ್ರತಿ ಸೇವಾ ಕಾರ್ಯಕ್ರಮದ ಬ್ಯಾನರಲ್ಲೂ ಇರುತ್ತೆ. ಆದ್ರೆ ಅದೇ ಯಾಕೋಬನು ಐದನೇ ಅಧ್ಯಾಯದಲ್ಲಿ ಇನ್ನೊಂದು ಹೇಳ್ತಾನೆ, ಹೊಲ ಕೊಯ್ದೋರ ಕೂಲಿನ ನೀವು ಹಿಡ್ಕೊಂಡಿದೀರ, ಆ ಕೂಲಿ ಕೂಗ್ತಾ ಇದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ. ಅದನ್ನ ಯಾವ ಬ್ಯಾನರಲ್ಲೂ ನೋಡಿಲ್ಲ ನಾನು. ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲೂ ಇದೆ, ಕೂಲಿಯವನಿಗೆ ಅವತ್ತಿನ ಕೂಲಿ ಸೂರ್ಯ ಮುಳುಗೋ ಮುಂಚೆ ಕೊಟ್ಬಿಡು ಅಂತ. ಸೂರ್ಯ ಮುಳುಗೋ ಮುಂಚೆ! ಇಲ್ಲಿ ಮೂರು ತಿಂಗ್ಳು.

ಮಾರನೇ ವಾರ ನಾವು ನಾಲ್ಕು ಜನ ಹೆಂಗಸರು ಅಕ್ಕನ ಜೊತೆ ಕಾಂಟ್ರಾಕ್ಟರ್ ಆಫೀಸಿಗೆ ಹೋದ್ವಿ. ಬೈಸ್ಕೊಂಡು ಬಂದ್ವಿ. ಮತ್ತೆ ಹೋದ್ವಿ. ಮೂರನೇ ಸಲ ನಮ್ಮ ಸಭೆಯ ಒಬ್ಬ ಹುಡುಗ ಬಂದ, ಒಂದು ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲ್ಸ ಮಾಡ್ತಿದ್ದ, ಅವನು ಅಕ್ಕನ ಹತ್ರ ಇದ್ದ ಹಳೇ ಸಂಬ್ಳದ ಚೀಟಿಗಳನ್ನೆಲ್ಲ ನೋಡಿ ಕೇಳಿದ, "ಅಕ್ಕ, ಪಿಎಫ್ ಅಂತ ಪ್ರತಿ ತಿಂಗ್ಳು ಹಿಡಿದಿದಾರಲ್ಲ, ಅದು ಎಲ್ಲಿ?" ಅಕ್ಕಂಗೆ ಪಿಎಫ್ ಅಂದ್ರೆ ಏನೂಂತನೇ ಗೊತ್ತಿರ್ಲಿಲ್ಲ, ಯಾವ್ದೋ ದಂಡ ಅಂದ್ಕೊಂಡಿದ್ರು. ಪಿಎಫ್ ಅಂದ್ರೆ ಮುಂದಕ್ಕೆ ಅಂತ ಸಂಬ್ಳದಲ್ಲಿ ಕೂಡಿಡೋ ಭವಿಷ್ಯ ನಿಧಿ, ನಿಯಮ ಪ್ರಕಾರ ಕೆಲಸಗಾರರಿಂದ 12 ಪರ್ಸೆಂಟ್, ಕೆಲ್ಸ ಕೊಟ್ಟೋರಿಂದ 12 ಪರ್ಸೆಂಟ್, ಎರಡೂ ಸೇರಿ ಅಕ್ಕನ ಹೆಸರಿಗೆ ಜಮಾ ಆಗ್ಬೇಕು. ಅವನು ಅಕ್ಕನ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಮೊಬೈಲಲ್ಲಿ ಪಾಸ್‌ಬುಕ್ ತೆಗೆದ. ಸುಮಾರು ತಿಂಗಳುಗಳ ಸಾಲು ಖಾಲಿ. ಚೀಟಿಲಿ ಹಿಡ್ದಿದೆ, ಪಾಸ್‌ಬುಕ್ಕಲ್ಲಿ ಇಲ್ಲ.

ಅಲ್ಲಿಂದ ಶುರುವಾಗಿದ್ದು ನಮ್ಮ ಟೇಬಲ್ಲು. ಆರಾಧನೆ ಮುಗಿದ್ಮೇಲೆ ಹಾಲಲ್ಲಿ ಒಂದು ಟೇಬಲ್, ಎರಡು ಕುರ್ಚಿ, ಒಂದು ಲ್ಯಾಪ್‌ಟಾಪ್. ಅಕ್ಕ ಮುಂದಿನ ಭಾನುವಾರ ಮೂರು ಜನನ್ನ ಕರ್ಕೊಂಡ್ ಬಂದ್ರು, ಅದರ ಮುಂದಿನ ವಾರ ಹನ್ನೊಂದು ಜನ. ಎಲ್ರೂ ಸಭೆಯೋರಲ್ಲ, ಮಾರಮ್ಮನ ಜಾತ್ರೆ ಕುಂಕುಮ ಹಣೇಲಿದ್ದೋರೂ ಬಂದ್ರು, ಒಬ್ರು ಸಾಬ್ರ ಅಮ್ಮ ಬಂದ್ರು. ಪ್ರಾರ್ಥನೆಗೆ ಕೂರಿ ಅಂತ ಯಾರಿಗೂ ಹೇಳ್ಬಾರ್ದು ಅಂತ ನಾವೇ ತೀರ್ಮಾನ ಮಾಡಿದ್ವಿ, ಯಾರಾದ್ರೂ ಏನಾದ್ರೂ ಅಂತಾರೆ ಅನ್ನೋ ಭಯಕ್ಕಲ್ಲ, ಕೂಲಿ ವಾಪಸ್ ಕೊಡ್ಸೋದಕ್ಕೆ ಬೆಲೆ ಕೇಳ್ಬಾರ್ದು ಅಂತ.

ಸಭೇಲಿ ಎಲ್ರಿಗೂ ಇಷ್ಟ ಆಗ್ಲಿಲ್ಲ. ಒಬ್ರು ಹಿರಿಯರು ಕಮಿಟಿಲಿ, "ದೇವರ ಮನೇಲಿ ಯೂನಿಯನ್ ರಾಜಕೀಯ ಬೇಕಾ, ಅಕ್ಕಿ ಕೊಡೋಣ, ಪ್ರಾರ್ಥನೆ ಮಾಡೋಣ, ಸಾಕಲ್ವಾ" ಅಂದ್ರು. ಅವರು ಕೆಟ್ಟೋರಲ್ಲ, ನನ್ನ ಗಂಡಂಗೆ ಆಕ್ಸಿಡೆಂಟ್ ಆದಾಗ ರಾತ್ರಿಯೆಲ್ಲ ಆಸ್ಪತ್ರೇಲಿ ನಮ್ ಜೊತೆ ಕೂತಿದ್ದೋರು ಅವರೇ. ಅದಕ್ಕೆ ನಮ್ಮ ಪಾಸ್ಟರ್ ಅಯ್ಯನವರು ಜಗಳ ಮಾಡ್ಲಿಲ್ಲ, ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೇ ಅಧ್ಯಾಯ ಓದಿದ್ರು ಅಷ್ಟೇ. ಮೊದಲನೇ ಸಭೇಲಿ ದಿನಾ ಊಟ ಹಂಚೋದ್ರಲ್ಲಿ ಗ್ರೀಕ್ ಮಾತಾಡೋ ವಿಧವೆಯರಿಗೆ ಸರಿಯಾಗಿ ಸಿಗ್ತಿಲ್ಲ ಅಂತ ಗೊಣಗಾಟ ಶುರುವಾಯ್ತು. ಅಪೊಸ್ತಲರು, ಅಂದ್ರೆ ಯೇಸುವಿನ ಶಿಷ್ಯರು, ಅದನ್ನ ರಾಜಕೀಯ ಅನ್ಲಿಲ್ಲ, ಎಲ್ರನ್ನೂ ಕರೆದು, ಏಳು ಜನನ್ನ ಆರಿಸಿ ಇದಕ್ಕೇ ಅಂತ ನೇಮಿಸಿದ್ರು. ಆ ಏಳು ಜನರ ಹೆಸರು ನೋಡಿ, ಸ್ತೆಫನ, ಫಿಲಿಪ್ಪ, ಪ್ರೊಖೋರ, ಎಲ್ಲ ಗ್ರೀಕ್ ಹೆಸರೇ! ಅನ್ಯಾಯ ಆದ ಕಡೆಯೋರ ಕೈಗೇ ಸೌಟು ಕೊಟ್ಟಂಗೆ ಕಾಣುತ್ತೆ ನಂಗೆ. ಇಷ್ಟು ವರ್ಷ ಆ ಅಧ್ಯಾಯ ಓದಿದೀನಿ, ಇದು ಕಣ್ಣಿಗೆ ಬಿದ್ದಿರ್ಲಿಲ್ಲ.

ಆಮೇಲೆ ನಿಜವಾದ ಕಷ್ಟ ಬಂತು, ಅದು ಹೊರಗಿಂದ ಬರ್ಲಿಲ್ಲ. ಆ ಅಕೌಂಟ್ಸ್ ಹುಡುಗನೇ ಒಂದು ಮೀಟಿಂಗಲ್ಲಿ ಕೇಳ್ಬಿಟ್ಟ, "ನಮ್ ಚರ್ಚ್ ಕಾಂಪೌಂಡ್ ಗುಡಿಸೋ ಆಂಟಿಗೆ, ವಾಚ್‌ಮನ್ ತಾತಂಗೆ ನಾವೆಷ್ಟು ಕೊಡ್ತಿದೀವಿ?" ಸರ್ಕಾರದ ಕನಿಷ್ಠ ಕೂಲಿಗಿಂತ ಕಮ್ಮಿ ಕೊಡ್ತಿದ್ವಿ. ವರ್ಷಗಳಿಂದ. ರೂಮಲ್ಲಿ ಯಾರೂ ಮಾತಾಡ್ಲಿಲ್ಲ. ನಾನೂ ಮಹಿಳಾ ಕೂಟದ ಲೆಕ್ಕ ಬರೆಯೋಳು, ಆ ಲೆಡ್ಜರ್ ನನ್ನ ಕೈಲೂ ಹಾದು ಹೋಗಿದೆ, ನಾನೂ ನೋಡಿರ್ಲಿಲ್ಲ. ಎರಡು ತಿಂಗ್ಳು ಎಳೆದಾಟ ಆಯ್ತು, ಕೊನೆಗೆ ಆ ವರ್ಷದ ಕ್ರಿಸ್‌ಮಸ್ ಲೈಟಿಂಗು, ಕಾಯಿರ್‌ಗೆ ಹೊಸ ಕೀಬೋರ್ಡು ಎರಡೂ ಬಿಟ್ಟು ಅವ್ರಿಬ್ರ ಸಂಬ್ಳ ಸರಿ ಮಾಡಿದ್ರು. ಆ ಡಿಸೆಂಬರ್ ಚರ್ಚ್ ಮುಂದೆ ಒಂದೇ ಒಂದು ನಕ್ಷತ್ರ ನೇತಾಡ್ತಿತ್ತು. ಯೂನಿಯನ್ ಬೇಡ ಅಂದಿದ್ದ ಹಿರಿಯರೇ ಏಣಿ ಹತ್ತಿ ಅದನ್ನ ಕಟ್ಟಿದ್ದು. ಅಮ್ಮ ಹೇಳಿದ್ದ ಡ್ರಮ್ಮಿನ ಮಾತು ಅವತ್ತು ನಂಗೆ ಪೂರ್ತಿ ಅರ್ಥ ಆಯ್ತು ಅನ್ಸುತ್ತೆ.

ಇನ್ನೊಂದು ವಿಷ್ಯ ಹೇಳ್ದೇ ಇದ್ರೆ ಇದು ಅರ್ಧ ಬರೆದಂಗೆ ಆಗುತ್ತೆ. ನಮ್ಮ ಸಭೆಗಳಲ್ಲಿ ಜಾತಿ ಇದೆ. ಒಂದೇ ಪಾತ್ರೆಲಿ ಪ್ರಭು ಭೋಜನ ತಗೋತೀವಿ, ಮಕ್ಕಳ ಮದ್ವೆ ಮಾತು ಬಂದ್ರೆ "ಅವ್ರು ಮೊದ್ಲು ಏನಾಗಿದ್ರು" ಅಂತ ಪಿಸುಗುಟ್ತೀವಿ. ಅಕ್ಕ ಯಾಕೆ ಕೊನೇ ಬೆಂಚಲ್ಲಿ ಕೂರ್ತಿದ್ರು ಅಂದ್ರೆ ಲೇಟಾಗಿ ಬರ್ತಾರೆ ಅಂತ ನಾನು ಅಂದ್ಕೊಂಡಿದ್ದೆ, ಕೆಲ್ಸ ಇಲ್ಲದ ದಿನ ಬೇಗ ಬಂದಾಗ್ಲೂ ಅಲ್ಲೇ ಕೂರ್ತಿದ್ರು. ಕಾನೂನಲ್ಲೂ ಅವರಿಗೆ ಅನ್ಯಾಯನೇ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದ್ರೆ ಹಿಂದೂಗಳು ಮಾತ್ರ, 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ, ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಈ ಧರ್ಮದ ಷರತ್ತು ತೆಗೀರಿ ಅಂತ ವರದಿ ಕೊಟ್ಟಿತ್ತು. ಪೊರಕೆ ಮಾತ್ರ ಧರ್ಮ ಕೇಳಲ್ಲ, ದೀಕ್ಷಾಸ್ನಾನ ಆಗಿ ಕ್ರೈಸ್ತರಾದ್ಮೇಲೂ ಅದೇ ಕೈಗೆ ಬರುತ್ತೆ. ಆಗಸ್ಟ್ 10ನ್ನ ದೇಶದ ಎಷ್ಟೋ ಸಭೆಗಳು ಕಪ್ಪು ದಿನ ಅಂತ ಆಚರಿಸ್ತಾವೆ, ನಮ್ಮಲ್ಲಿ ಈಗ ಅವತ್ತು ಪ್ರಾರ್ಥನೆ ಇಡ್ತೀವಿ, ಬರೋರು ಕಮ್ಮಿನೇ.

ನಂಗೆ ಧೈರ್ಯ ಬೇಕಾದಾಗ ನೆನಪಾಗೋದು ಕೆಜಿಎಫ್, ಕೋಲಾರದ ಚಿನ್ನದ ಗಣಿ ಊರು. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಲ್ಲೇ, ಒಣ ಪಾಯಿಖಾನೆ ಬಳಿಯೋ ಕೆಲ್ಸಕ್ಕೆ ತಳ್ಳಲ್ಪಟ್ಟ ಕ್ರೈಸ್ತ ಮನೇಲಿ. ಮಲ ಹೊರೋ ಪದ್ಧತಿ ನಿಲ್ಲಿಸೋಕೆ ಹೋರಾಡೋ ಅವರ ಸಫಾಯಿ ಕರ್ಮಚಾರಿ ಆಂದೋಲನಕ್ಕೆ ಬೀಜ ಬಿದ್ದಿದ್ದು ಆ ಕಾಲೋನಿಗಳಲ್ಲೇ. ಸುಪ್ರೀಂ ಕೋರ್ಟಿಗೂ ಹೋದ್ರು, 2014ರ ತೀರ್ಪಲ್ಲಿ ಚರಂಡಿಗೆ ಇಳಿದು ಸತ್ತೋರ ಮನೆಗೆ 10 ಲಕ್ಷ ಪರಿಹಾರ ಅಂತಾಯ್ತು, 2023ರಲ್ಲಿ ಇನ್ನೊಂದು ಕೇಸಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿದ್ರು. ವಿಲ್ಸನ್‌ಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಅವ್ರ ಕಥೆ ಹೇಳಿದ್ದೆ, ಒಂದು ಮಗು "ಆಂಟಿ, ನಮ್ ಅಜ್ಜಿನೂ ಅದೇ ಕೆಲ್ಸ ಮಾಡ್ತಿದ್ರು" ಅಂತ ಎದ್ದು ನಿಂತು ಹೇಳ್ತು. ಅದಕ್ಕೆ ಮುಂಚೆ ಆ ಮಗು ಯಾವತ್ತೂ ಮನೆ ವಿಷ್ಯ ಕ್ಲಾಸಲ್ಲಿ ಬಾಯಿಬಿಟ್ಟಿರ್ಲಿಲ್ಲ.

2018ರಲ್ಲಿ ಬೆಂಗಳೂರಲ್ಲಿ ರಸ್ತೆ ಗುಡಿಸೋರಿಗೆ ಪಾಲಿಕೆಯಿಂದಲೇ ನೇರವಾಗಿ ಸಂಬ್ಳ ಬರೋಕೆ ಶುರುವಾಯ್ತು, ಆದ್ರೆ ಖಾಯಂ ಆಗ್ಲಿಲ್ಲ. 2022ರ ಜುಲೈ 1ರಿಂದ ಖಾಯಂ ಮಾಡಿ ಅಂತ ಪೌರಕಾರ್ಮಿಕರು ಮುಷ್ಕರ ಹೂಡಿ ಫ್ರೀಡಂ ಪಾರ್ಕಲ್ಲಿ ಕೂತ್ರು, ಅಕ್ಕನೂ ಹೋದ್ರು. ಜುಲೈ 3 ಭಾನುವಾರ. ಆ ತಿಂಗ್ಳ ಹಿಡಿಯಕ್ಕಿ ಚೀಲ ಹಾಲಲ್ಲೇ ಇತ್ತು, ಇನ್ನೂ ಯಾರ ಮನೆಗೂ ಕಳ್ಸಿರ್ಲಿಲ್ಲ. ಬೆಳಗ್ಗೆ ಐದಕ್ಕೇ ನಾವು ಹೆಂಗಸರೆಲ್ಲ ಸೇರಿ ಒಲೆ ಹಚ್ಚಿ ಅಷ್ಟೂ ಅಕ್ಕಿನ ಪುಳಿಯೋಗರೆ ಮಾಡಿದ್ವಿ. ನಾಲ್ಕು ತರ ಅಕ್ಕಿ ಬೆರ್ತಿದ್ರಿಂದ ಒಂದಷ್ಟು ಮುದ್ದೆ ಆಗಿತ್ತು, ಒಂದಷ್ಟು ಉದುರುದುರು. ಆರಾಧನೆ ಮುಗಿಸಿ ಡಬರಿಗಳನ್ನ ಆಟೋಲಿಟ್ಕೊಂಡು ಹೋದ್ವಿ. ನಮ್ಮಮ್ಮನೂ ಬಂದಿದ್ರು, ಮಂಡಿ ನೋವಲ್ಲೂ ನೆಲದ ಮೇಲೆ ಅಕ್ಕನ ಪಕ್ಕ ಕೂತು ಎಲೆಗೆ ಬಡಿಸಿದ್ರು, ಇಬ್ರೂ ಒಂದೇ ಎಲೆಲಿ ಉಂಡ್ರು. ಮುಷ್ಕರ ನಾಲ್ಕು ದಿನಕ್ಕೆ ಮುಗೀತು, ಸರ್ಕಾರ ಒಪ್ಕೊಂಡಿತು, ಆದ್ರೆ ಕಾಗದ ಕೈಗೆ ಬರೋಕೆ ವರ್ಷಗಳಾದ್ವು. 2025ರ ಮೇ 1ಕ್ಕೆ ಬೆಂಗಳೂರಲ್ಲಿ 12 ಸಾವಿರಕ್ಕೂ ಹೆಚ್ಚು ಜನಕ್ಕೆ ಖಾಯಂ ನೇಮಕಾತಿ ಪತ್ರ ಕೊಟ್ರು. ಅಷ್ಟೊತ್ತಿಗೆ ಅಕ್ಕಂಗೆ 60 ದಾಟಿತ್ತು. ಪತ್ರ ಬಂದಿದ್ದು ಅವ್ರ ಸೊಸೆಗೆ.

ಅಕ್ಕನ ಪಿಎಫ್ ದುಡ್ಡು? ಕೆಲವು ತಿಂಗಳದ್ದು ಬಂತು, ಎಲ್ಲಾ ಬಂದಿಲ್ಲ. ಆಧಾರಲ್ಲಿ ಒಂದು ಹೆಸರು, ಪಿಎಫ್ ದಾಖಲೇಲಿ ಇನ್ನೊಂದು ಸ್ಪೆಲಿಂಗು, ಅದನ್ನ ಸರಿ ಮಾಡ್ಸೋಕೇ ಒಂದು ವರ್ಷ ಹಿಡೀತು, ಇನ್ನೂ ಅರ್ಜಿ ಹಾಕ್ತಾನೇ ಇದೀವಿ. ಟೇಬಲ್ ಇವತ್ತಿಗೂ ಇದೆ, ಈಗ ಜಾಸ್ತಿ ಬರೋದು ಕಸದ ಆಟೋದಲ್ಲಿ ಕೆಲ್ಸ ಮಾಡೋ ಹುಡುಗ್ರು, ಅಪಾರ್ಟ್‌ಮೆಂಟ್ ಹೌಸ್‌ಕೀಪಿಂಗ್ ಹೆಂಗಸರು. ತುಂಬ ಜನ ತೆಲುಗು ಮಾತಾಡೋರು, ನಂಗೆ ತೆಲುಗು ಅಷ್ಟಕ್ಕಷ್ಟೇ, ಓದೋರಲ್ಲಿ ಯಾರಿಗಾದ್ರೂ ಬಂದ್ರೆ, ಭಾನುವಾರ ಒಂದು ಗಂಟೆ ಬಿಡುವಿದ್ರೆ, ನಿಮ್ಮ ಹತ್ರದ ಸಭೇಲಿ ಇಂಥದ್ದೊಂದು ಟೇಬಲ್ ಹಾಕೋಕೆ ದೊಡ್ಡ ಖರ್ಚೇನೂ ಇಲ್ಲ.

ಹೋದ ವಾರ ಒಬ್ಳು ಚಿಕ್ಕ ವಯಸ್ಸಿನ ಹುಡುಗಿ ಬಂದಿದ್ಲು, ಕಂಕುಳಲ್ಲಿ ಮಗು, ಪ್ಲಾಸ್ಟಿಕ್ ಕವರಲ್ಲಿ ಕಾಗದ ಪತ್ರ ಎಲ್ಲ ಮುದುರಿಟ್ಕೊಂಡು ಬಾಗ್ಲಲ್ಲೇ ನಿಂತಿದ್ಲು, ಒಳಗೆ ಬರ್ಬೋದೋ ಇಲ್ವೋ ಅಂತ. ಟೇಬಲ್ ಹಿಂದಿನ ಕುರ್ಚಿಲಿ ಅಕ್ಕ ಕೂತಿದ್ರು. ಕನ್ನಡಕ ಹಣೆಗೇರಿಸಿ, "ಬಾರವ್ವ, ಇಲ್ಲಿ ಕೂತ್ಕೋ" ಅಂತ ಪಕ್ಕದ ಕುರ್ಚಿ ಎಳೆದ್ರು, "ಮೊದ್ಲು ಮಗೀಗೆ ನೀರ್ ಕುಡ್ಸು, ಆಮ್ಯಾಕೆ ಚೀಟಿ ತೆಗಿ, ಒಂದೊಂದೇ ನೋಡಾನ."