ತಂಬಿಗೆಯ ತಳ

ಆ ಭಾನುವಾರ ಮೇಷ್ಟ್ರು ನನ್ನ ಹಾಳೆಯ ಮೇಲೆ ತಮ್ಮ ದಟ್ಟ ಕಪ್ಪಿನ 6ಬಿ ಪೆನ್ಸಿಲ್ ಇಟ್ಟಾಗ ನನಗೆ ಅಳುವೇ ಬಂದಿತ್ತು.

ಬಸವನಗುಡಿಯಲ್ಲಿ ಒಂದು ಮನೆಯ ಮಹಡಿ ಮೇಲೆ ನಡೆಯುವ ಡ್ರಾಯಿಂಗ್ ಕ್ಲಾಸ್ ಅದು. ನಾನು ಸೇರಿದ್ದು ಜಲವರ್ಣದ ಆಸೆಗೆ. ಕಸ್ತೂರ್ಬಾ ರಸ್ತೆಯ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಚಿತ್ರಗಳನ್ನು ನೋಡಿದಾಗಿನಿಂದ ಅವು ತಲೆಯಲ್ಲೇ ಕೂತುಬಿಟ್ಟಿದ್ದವು. ಆದರೆ ಆರು ವಾರ ಕಳೆದರೂ ಬಣ್ಣದ ಡಬ್ಬಿ ತೆರೆದಿರಲಿಲ್ಲ. ಮೇಜಿನ ಮೇಲೆ ಅದೇ ತಾಮ್ರದ ತಂಬಿಗೆ, ಅದೇ ತೆಂಗಿನಕಾಯಿ.

ಅಳತೆ ತೆಗೆಯುವುದು ಕೇಳೋಕೆ ಸುಲಭ. ಕೈ ಪೂರ್ತಿ ಚಾಚಬೇಕು, ಒಂದು ಕಣ್ಣು ಮುಚ್ಚಬೇಕು. ಪೆನ್ಸಿಲಿನ ತುದಿಯನ್ನು ತಂಬಿಗೆ ಬಾಯಿಯ ಒಂದು ಅಂಚಿಗೆ ಹಿಡಿದು, ಇನ್ನೊಂದು ಅಂಚು ಕಾಣುವ ಕಡೆ ಹೆಬ್ಬೆರಳು ಇಡಬೇಕು. ಆ ಅಗಲ ಎತ್ತರದಲ್ಲಿ ಎಷ್ಟು ಸಲ ಕೂರುತ್ತದೆ ಅಂತ ನೋಡಬೇಕು. ನನಗೆ ಒಮ್ಮೆ ಒಂದೂವರೆ ಬರುತ್ತಿತ್ತು, ಇನ್ನೊಮ್ಮೆ ಎರಡು. ಮಧ್ಯದಲ್ಲಿ ಮೊಣಕೈ ಸ್ವಲ್ಪ ಮಡಚಿದರೂ ಲೆಕ್ಕ ಕೆಡುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಮೂರು ವಾರ ಹೋಗಿತ್ತು.

ಆ ದಿನದ ತೊಂದರೆ ತಳದ್ದು. ಬಾಯಿಗೆ ಎಲಿಪ್ಸ್, ಅಂದರೆ ಓರೆಯಿಂದ ನೋಡಿದಾಗ ಚಪ್ಪಟೆಯಾಗಿ ಕಾಣುವ ವೃತ್ತ, ಬರೆದು, ತಳಕ್ಕೆ ನೇರ ಗೆರೆ ಎಳೆದಿದ್ದೆ. ಮೇಜು ಸಪಾಟು. ಅದರ ಮೇಲೆ ಕೂತ ತಳವೂ ನೇರ ಇರಬೇಕು ಅಲ್ವಾ?

“ಏನಮ್ಮಾ, ಇದು ತೇಲ್ತಾ ಇದೆಯಲ್ಲ,” ಅಂದರು ಮೇಷ್ಟ್ರು. ನಾಲ್ಕು ಗೆರೆ ಎಳೆದು ಪಕ್ಕದವರ ಹತ್ತಿರ ಹೋದರು.

ತಂಬಿಗೆ ಗಟ್ಟಿಯಾಗಿ ಕೂತಿತು, ನಿಜ. ಯಾಕೆ ಕೂತಿತು ಅನ್ನುವುದು ಮಾತ್ರ ನನಗೆ ತಿಳಿಯಲಿಲ್ಲ. ಒತ್ತಿ ಎಳೆದ 6ಬಿ ಗೆರೆ ರಬ್ಬರಿಗೂ ಪೂರ್ತಿ ಹೋಗುವುದಿಲ್ಲ. ಎರಡು ಗಂಟೆ ಕೂತು ಬರೆದ ಹಾಳೆ ಅದು. ಹಾಗೆ ಮಾಡಬಾರದು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ.

ಕ್ಲಾಸಿನ ಆಂಟಿಯೊಬ್ಬರು ನನ್ನ ಮುಖ ನೋಡಿ, “ಬಾಮ್ಮ, ಕಾಫಿ ಕುಡಿಯೋಣ,” ಅಂತ ಗಾಂಧಿ ಬಜಾರಿಗೆ ಕರೆದುಕೊಂಡು ಹೋದರು. ಬೈ-ಟು ಕಾಫಿ ಬಂತು. ಗಾಜಿನ ಲೋಟವನ್ನು ಸುಮ್ನೆ ಮೇಲಿನಿಂದ ನೋಡುತ್ತಿದ್ದೆ. ಲೋಟದ ಬಾಯಿ ಒಂದು ಎಲಿಪ್ಸ್. ಅದಕ್ಕಿಂತ ಕೆಳಗಿದ್ದ ಕಾಫಿಯ ಮಟ್ಟ ಇನ್ನೂ ಸ್ವಲ್ಪ ದುಂಡಗೆ. ಕುಡಿದು ಮುಗಿಸಿ ನೋಡಿದೆ, ತಳ ಅದಕ್ಕಿಂತ ದುಂಡಗೆ! ಲೋಟ ಎತ್ತಿ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದೆ. ಬಾಯಿ ಒಂದು ಗೆರೆಯಾಯಿತು. ಕಣ್ಣಿನಿಂದ ಕೆಳಗೆ ಇಳಿದಷ್ಟೂ ವೃತ್ತ ಬಿಚ್ಚಿಕೊಳ್ಳುತ್ತಿತ್ತು. ತಂಬಿಗೆಯ ಬಾಯಿಗೇ ಅಷ್ಟು ಬಾಗು ಇದ್ದರೆ ತಳಕ್ಕೆ ಅದಕ್ಕಿಂತ ಜಾಸ್ತಿ ಬೇಕು. ನಾನು ಎಳೆದಿದ್ದು ಮೇಜು ಸಪಾಟು ಅನ್ನುವ ನನ್ನ ತಿಳಿವಳಿಕೆಯನ್ನು. ಕಣ್ಣಿಗೆ ಕಂಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

“ಆಂಟಿ, ಇಲ್ಲಿ ನೋಡಿ!” ಅಂತ ಖಾಲಿ ಲೋಟವನ್ನು ಅವರ ಕಣ್ಣಿನ ಮುಂದೆ ಏರಿಸಿ ಇಳಿಸಿದೆ. ಅವರೂ ತಮ್ಮ ಲೋಟ ಎತ್ತಿಕೊಂಡರು.

ಮುಂದಿನ ಭಾನುವಾರ ಹೊಸ ಹಾಳೆ. ತಳಕ್ಕೆ ಚೆನ್ನಾಗಿ ಬಾಗು ಕೊಟ್ಟೆ. ಮೇಷ್ಟ್ರು ಬಂದು ಪೆನ್ಸಿಲ್ ಎತ್ತಿದರು. ಎದೆ ಹೊಡೆದುಕೊಳ್ಳುತ್ತಿದ್ದರೂ ಹಾಳೆಯ ಮೇಲೆ ಕೈ ಇಟ್ಟೆ.

“ಸಾರ್, ತಪ್ಪು ಎಲ್ಲಿದೆ ಅಂತ ಹೇಳಿ. ನಾನೇ ತಿದ್ದುತ್ತೀನಿ.”

ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಪೆನ್ಸಿಲ್ ತಿರುಗಿಸಿ, ಅದರ ಹಿಂಬದಿಯಿಂದ ಮೇಜಿನ ಮೇಲಿದ್ದ ತಂಬಿಗೆಯನ್ನು ತೋರಿಸಿದರು.

“ಎಡಗಡೆ ಹೊಟ್ಟೆ ನೋಡು. ಬಲಗಡೆ ನೋಡು.”

ನಾನು ಕೈ ಚಾಚಿ, ಒಂದು ಕಣ್ಣು ಮುಚ್ಚಿದೆ.