ಗೋ-ಕಾರ್ಟ್‌ಗೆ ಬೈಕ್ ಎಂಜಿನ್: ಹಿಂದಿನ ಸ್ಪ್ರಾಕೆಟ್‌ಗೆ ಎಷ್ಟು ಹಲ್ಲು?

ಗುಜರಿಯಿಂದ ನೂರು ಸಿಸಿ ಬೈಕ್ ಎಂಜಿನ್ ತಂದು ಕಾರ್ಟ್ ಕಟ್ಟುವವರು ಅದೇ ಬೈಕಿನ ಹಿಂದಿನ ಸ್ಪ್ರಾಕೆಟ್ಟನ್ನೂ (ಚೈನ್ ಕೂರುವ ಹಲ್ಲಿನ ಚಕ್ರ) ಬಿಚ್ಚಿ ತಂದು ಆಕ್ಸಲ್‌ಗೆ ಹಾಕಿಬಿಡುತ್ತಾರೆ. ಕಾರ್ಟ್ ಓಡುತ್ತದೆ ನಿಜ. ಆದರೆ ಗಂಟೆಗೆ ನಲವತ್ತು ಕಿ.ಮೀ. ಮುಟ್ಟುವಷ್ಟರಲ್ಲಿ ಟಾಪ್ ಗೇರ್‌ನಲ್ಲೇ ಎಂಜಿನ್ ಕಿರುಚತೊಡಗುತ್ತದೆ. ಕಾರಣ ಚಕ್ರದ ಅಳತೆ. 18 ಇಂಚಿನ ರಿಮ್ಮಿನ ಬೈಕ್ ಚಕ್ರ ಟೈರ್ ಸೇರಿ ಸುಮಾರು 600 ಮಿ.ಮೀ. ವ್ಯಾಸ, ಕಾರ್ಟಿನ 11 ಇಂಚಿನ ಹಿಂದಿನ ಟೈರ್ 280 ಮಿ.ಮೀ. ಒಂದು ಸುತ್ತಿಗೆ ಬೈಕ್ 1.88 ಮೀಟರ್ ಸಾಗಿದರೆ ಕಾರ್ಟ್ ಸಾಗುವುದು 0.88 ಮೀಟರ್ ಮಾತ್ರ.

ಲೆಕ್ಕಕ್ಕೆ ಮೊದಲು ಎಂಜಿನ್ನಿನ ಒಳಗಿನ ಅನುಪಾತ ಗೊತ್ತಿರಬೇಕು. ಪುಸ್ತಕ ಹುಡುಕುವುದು ಬೇಡ, ಅಳೆದುಬಿಡಿ. ಸ್ಪಾರ್ಕ್ ಪ್ಲಗ್ ತೆಗೆದು ಟಾಪ್ ಗೇರ್‌ಗೆ ಹಾಕಿ. ಮುಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲಿಗೂ ಮ್ಯಾಗ್ನೆಟ್ಟಿಗೂ (ಎಂಜಿನ್ನಿನ ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಚಕ್ರ) ಸೀಮೆಸುಣ್ಣದ ಗೆರೆ ಎಳೆಯಿರಿ. ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಕೊಟ್ಟು ನಿಧಾನ ತಿರುಗಿಸುತ್ತ, ಸ್ಪ್ರಾಕೆಟ್ ಹತ್ತು ಸುತ್ತು ಮುಗಿಸುವಷ್ಟರಲ್ಲಿ ಮ್ಯಾಗ್ನೆಟ್ ಎಷ್ಟು ಸುತ್ತಿತು ಎಣಿಸಿ. 32 ಬಂದರೆ ಅನುಪಾತ 3.2. ಫಸ್ಟ್ ಗೇರ್‌ನಲ್ಲೂ ಹೀಗೇ ಎಣಿಸಿ. ಅಲ್ಲಿ 110 ಬಂತು, ಅಂದರೆ ಅನುಪಾತ 11 ಎಂದುಕೊಳ್ಳೋಣ.

ಈಗ 7500 ಆರ್‌ಪಿಎಂ ಇಟ್ಟು ನೋಡಿ. ಅದನ್ನು 3.2ರಿಂದ ಭಾಗಿಸಿದರೆ ಮುಂದಿನ ಸ್ಪ್ರಾಕೆಟ್ ನಿಮಿಷಕ್ಕೆ 2344 ಸುತ್ತು. ಮುಂದಿನ 14 ಹಲ್ಲಿಗೆ ಹಿಂದೆ 42 ಹಲ್ಲು ಹಾಕಿದರೆ ಆಕ್ಸಲ್ 781 ಸುತ್ತು, ವೇಗ 41 ಕಿ.ಮೀ. ಅದೇ 28 ಹಲ್ಲು ಹಾಕಿದರೆ 1172 ಸುತ್ತು, ವೇಗ 62 ಕಿ.ಮೀ. ತಿರುವುಗಳಿರುವ ಚಿಕ್ಕ ಟ್ರ್ಯಾಕಿಗೆ ಇಷ್ಟು ಧಾರಾಳ ಸಾಕು.

ದೊಡ್ಡ ಸ್ಪ್ರಾಕೆಟ್ ಹಾಕಿದರೆ ಎಳೆತ ಜಾಸ್ತಿಯಲ್ಲವೇ ಎಂದು ಕೇಳುವವರಿದ್ದಾರೆ. ಆ ಎಳೆತವನ್ನು ಟೈರ್ ನೆಲಕ್ಕೆ ಕೊಡಬೇಕಲ್ಲ! ಚಾಲಕನೂ ಸೇರಿ ಕಾರ್ಟ್ 175 ಕೆಜಿ, ಅದರಲ್ಲಿ 105 ಕೆಜಿ ಹಿಂದಿನ ಚಕ್ರಗಳ ಮೇಲೆ ಎಂದಿಟ್ಟುಕೊಂಡರೆ, ಒಣ ಟಾರಿನ ಮೇಲೆ ಆಕ್ಸಲ್ ಸುಮಾರು 130 ನ್ಯೂಟನ್ ಮೀಟರ್ ಟಾರ್ಕ್ ತಲುಪುವಾಗಲೇ ಟೈರ್ ಜಾರುತ್ತದೆ. 8 ನ್ಯೂಟನ್ ಮೀಟರ್ ಕೊಡುವ ಎಂಜಿನ್ ಫಸ್ಟ್ ಗೇರ್‌ನಲ್ಲಿ, 28 ಹಲ್ಲಿನಲ್ಲೇ, 176ರ ತನಕ ಕೊಡಬಲ್ಲದು. 42 ಹಾಕಿ ಗಳಿಸುವುದು ಟೈರಿನ ಹೊಗೆ ಮಾತ್ರ. ಜೊತೆಗೆ 42 ಹಲ್ಲಿನ ಸ್ಪ್ರಾಕೆಟ್‌ಗೂ ನೆಲಕ್ಕೂ ನಡುವೆ ಉಳಿಯುವುದು ನಾಲ್ಕೈದು ಸೆಂ.ಮೀ.; ಒಂದು ಕಲ್ಲು ತಗುಲಿದರೆ ಹಲ್ಲು ಮುರಿಯುತ್ತದೆ, ಇಲ್ಲವೇ ಚೈನ್ ಕಳಚುತ್ತದೆ.

28 ಹಲ್ಲಿನದು ಬೈಕ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ 8 ಮಿ.ಮೀ. ಇಎನ್8 ಉಕ್ಕಿನ ಪ್ಲೇಟಿನಲ್ಲಿ ಲೇಸರ್ ಕಟ್ ಮಾಡಿಸಿ, ಲೇತ್‌ನಲ್ಲಿ 7.2ಕ್ಕೆ ಇಳಿಸಿಕೊಳ್ಳಿ. ಇಂಥ ಬೈಕಿನ 428 ಅಳತೆಯ ಚೈನಿನ ಒಳ ಅಗಲ 7.9 ಮಿ.ಮೀ., ಹಾಗಾಗಿ ಪೂರ್ತಿ 8ರ ಪ್ಲೇಟ್ ಅದರೊಳಗೆ ಕೂರುವುದೇ ಇಲ್ಲ.

ಇನ್ನು ಜನ ಮರೆಯುವ ವಿಷಯ, ಚೈನಿನ ಎಳೆತ. 28 ಹಲ್ಲಿನ ಸ್ಪ್ರಾಕೆಟ್ಟಿನ ಪಿಚ್ ವ್ಯಾಸ, ಅಂದರೆ ಚೈನಿನ ಪಿನ್ನುಗಳು ಸುತ್ತುವ ವೃತ್ತದ ವ್ಯಾಸ, 113 ಮಿ.ಮೀ. ಆಕ್ಸಲ್‌ನಲ್ಲಿ 130 ನ್ಯೂಟನ್ ಮೀಟರ್ ಇದ್ದರೆ ಚೈನ್ ಎಂಜಿನ್ನನ್ನು ಹಿಂದಕ್ಕೆ ಜಗ್ಗುವ ಬಲ ಸುಮಾರು 2300 ನ್ಯೂಟನ್, ಅಂದರೆ ಎರಡೂಕಾಲು ಕ್ವಿಂಟಲ್ ಮೀರಿದ ಭಾರ. ಕ್ಲಚ್ ಥಟ್ಟನೆ ಬಿಟ್ಟ ಆ ಕ್ಷಣ ಇನ್ನೂ ಹೆಚ್ಚು. 428 ಚೈನ್ ಇದನ್ನು ತಡೆಯುತ್ತದೆ, ಎರಡು ಬೋಲ್ಟಿನ 3 ಮಿ.ಮೀ. ಮೌಂಟಿಂಗ್ ಪ್ಲೇಟ್ ತಡೆಯುವುದಿಲ್ಲ. ಪ್ಲೇಟ್ ಬಾಗುತ್ತದೆ, ಎಂಜಿನ್ ಓರೆಯಾಗುತ್ತದೆ, ಚೈನ್ ಹಾರುತ್ತದೆ, ದೂರು ಮಾತ್ರ ಚೈನಿನ ಮೇಲೆ. ಎಂಜಿನ್ನಿನ ಎಲ್ಲ ಮೌಂಟಿಂಗ್ ತೂತುಗಳನ್ನೂ ಬಳಸಿ, 6 ಮಿ.ಮೀ. ಪ್ಲೇಟ್ ಹಾಕಿ. ಎಂಜಿನ್ ಪ್ಲೇಟಿಗೂ ಸ್ಪ್ರಾಕೆಟ್ ಪಕ್ಕದ ಬೇರಿಂಗ್ ಬ್ರ್ಯಾಕೆಟ್ಟಿಗೂ ನಡುವೆ ಒಂದು ಪೈಪ್ ಅಡ್ಡ ಕೊಟ್ಟರೆ ಎಳೆತ ಅಲ್ಲಲ್ಲೇ ತೀರುತ್ತದೆ. ತಿರುವಿನಲ್ಲಿ ಕಾರ್ಟಿನ ಫ್ರೇಮ್ ತಿರುಚಿಕೊಳ್ಳಲೇಬೇಕು, ಇವೆರಡು ಮಾತ್ರ ಒಂದಕ್ಕೊಂದು ಅಲುಗಬಾರದು.

ಚೈನ್ ಬಿಗಿ ಹೊಂದಿಸಲು ಎಂಜಿನ್ ಪ್ಲೇಟಿನ ತೂತುಗಳನ್ನು 30 ಮಿ.ಮೀ. ಉದ್ದದ ಸ್ಲಾಟ್ ಮಾಡಿ. 14 ಮತ್ತು 28 ಹಲ್ಲಿಗೆ ಎರಡೂ ಸ್ಪ್ರಾಕೆಟ್ಟಿನ ಕೇಂದ್ರಗಳ ನಡುವೆ 399 ಮಿ.ಮೀ. ಅಂತರದಲ್ಲಿ 84 ಲಿಂಕ್ ಸರಿಯಾಗಿ ಕೂರುತ್ತದೆ. ಆದರೆ 84 ಎನ್ನುವುದು 14ರಿಂದಲೂ 28ರಿಂದಲೂ ಭಾಗವಾಗುವ ಸಂಖ್ಯೆ; ಚೈನಿನ ಪ್ರತಿ ಸುತ್ತಿನಲ್ಲೂ ಅದೇ ಹಲ್ಲಿಗೆ ಅದೇ ಲಿಂಕ್ ಬಂದು ಸವೆತ ಒಂದೇ ಕಡೆ ಬೀಳುತ್ತದೆ. ಜಾಗವಿದ್ದರೆ ಅಂತರವನ್ನು 412ಕ್ಕೆ ಒಯ್ದು 86 ಲಿಂಕ್ ಹಾಕಿ. ಲಿಂಕ್ ಯಾವಾಗಲೂ ಸಮ ಸಂಖ್ಯೆಯಲ್ಲಿರಲಿ, ಹಾಫ್ ಲಿಂಕ್ ಬೇಡ. ಜಾಯಿಂಟ್ ಲಿಂಕಿನ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ತಿರುಗಾಮುರುಗಾ ಆದರೆ ಎಲ್ಲಾದರೂ ತಗುಲಿ ಕಳಚಿಹೋಗುತ್ತದೆ.

ಆಕ್ಸಲ್‌ಗೆ 30 ಮಿ.ಮೀ. ಇಎನ್8 ಶಾಫ್ಟ್, ಯುಸಿಪಿ 206 ಬೇರಿಂಗ್ ಎರಡೇ ಎರಡು. ಮೂರನೆಯದು ಸೇರಿಸಿದರೆ ನೂಲು ಹಿಡಿದಂತೆ ಕೂರಿಸುವುದು ಮನೆಯ ವೆಲ್ಡಿಂಗ್‌ನಲ್ಲಿ ಆಗದ ಮಾತು. 40 ಮಿ.ಮೀ. ಟೊಳ್ಳು ಪೈಪ್ ಇನ್ನೂ ಗಟ್ಟಿ ಮತ್ತು ಹಗುರ ಎನ್ನುವುದು ಸರಿ. ಆದರೆ ಆ ಅಳತೆಯ ಸಾಮಾನ್ಯ ಕೀ-ವೇ (ಹಬ್ ಜಾರದಂತೆ ಹಿಡಿಯುವ ಕೀಲು ಕೂರುವ ಗಾಡಿ) 5 ಮಿ.ಮೀ. ಆಳ, 5 ಮಿ.ಮೀ. ದಪ್ಪದ ಗೋಡೆಯನ್ನು ಅದೇ ತಿಂದುಹಾಕುತ್ತದೆ. 30ರ ಶಾಫ್ಟಿಗೆ 8×7 ಕೀ, ಉದ್ದ 40 ಮಿ.ಮೀ. ಇರಲಿ. ಸ್ಪ್ರಾಕೆಟ್ಟನ್ನು ಶಾಫ್ಟಿಗೆ ವೆಲ್ಡ್ ಮಾಡಲೇಬೇಡಿ. ಇಎನ್8ರಲ್ಲಿ ಸುಮಾರು 0.4 ಶೇಕಡಾ ಇಂಗಾಲವಿದೆ, ವೆಲ್ಡ್ ಪಕ್ಕದಲ್ಲಿ ಅದು ಪೆಡಸಾಗಿ ಅಲ್ಲೇ ಮುರಿಯುತ್ತದೆ. ಎಂಎಸ್ (ಮೈಲ್ಡ್ ಸ್ಟೀಲ್) ಹಬ್ ಮಾಡಿಸಿ, ಎಂ8 ಬೋಲ್ಟ್ ನಾಲ್ಕು ಹಾಕಿ. ಬೇರಿಂಗ್‌ನ ಗ್ರಬ್ ಸ್ಕ್ರೂ ಕೂರುವ ಜಾಗದಲ್ಲಿ ಶಾಫ್ಟಿಗೆ 1.5 ಮಿ.ಮೀ. ಗುಳಿ ಕೊರೆಯದಿದ್ದರೆ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ.

ಚೈನ್ ಬಲಕ್ಕೆ ಬರಲಿ ಎಂದು ಎಂಜಿನ್ನನ್ನು ಹಿಂದುಮುಂದು ತಿರುಗಿಸಿ ಕೂರಿಸಿದರೆ ಕಾರ್ಟಿಗೆ ಎಲ್ಲ ಗೇರೂ ರಿವರ್ಸ್. ಬೈಕಿನಲ್ಲಿ ಯಾವ ಮುಖವಿತ್ತೋ ಅದೇ ಇರಲಿ. ಎರಡೂ ಸ್ಪ್ರಾಕೆಟ್ಟಿನ ಮುಖಕ್ಕೆ ಉದ್ದ ಪಟ್ಟಿ ಹಿಡಿದು ನೋಡಿ, 1 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಮೇಲೆ 2 ಮಿ.ಮೀ. ತಗಡಿನ ಚೈನ್ ಕವರ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಚಾಲಕನ ಕೈ ಅಲ್ಲೇ ಪಕ್ಕದಲ್ಲಿರುತ್ತದೆ.

ಚೈನ್ ಸಡಿಲ 10ರಿಂದ 15 ಮಿ.ಮೀ. ಸಾಕು, ಸಸ್ಪೆನ್ಷನ್ ಇಲ್ಲದ್ದರಿಂದ ಬೈಕಿನಷ್ಟು ಬಿಡಬೇಕಿಲ್ಲ. ಹಿಂದಿನ ಚಕ್ರ ಎತ್ತಿ ಆಕ್ಸಲ್ಲನ್ನು ಕಾಲು ಕಾಲು ಸುತ್ತು ತಿರುಗಿಸುತ್ತ ನಾಲ್ಕು ಕಡೆ ಸಡಿಲ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತಾಡುತ್ತಿದ್ದರೆ ಸ್ಪ್ರಾಕೆಟ್ ಹಬ್ಬಿನ ಮಧ್ಯಕ್ಕೆ ಕೂತಿಲ್ಲ. ಹಬ್ಬನ್ನು ಮತ್ತೆ ಲೇತ್‌ಗೆ ಕಳಿಸಿ. ವ್ಯತ್ಯಾಸ ಎರಡು ಮೂರು ಮಿ.ಮೀ. ಒಳಗಿದ್ದರೆ ಅತಿ ಬಿಗಿಯಾದ ಜಾಗದಲ್ಲಿ 10 ಮಿ.ಮೀ. ಇರುವಂತೆ ಹೊಂದಿಸಿ ಬೋಲ್ಟ್ ಬಿಗಿಮಾಡಿ. ಮೊದಲ ಅರ್ಧ ಗಂಟೆ ಓಡಿಸಿದ ಮೇಲೆ ಇದನ್ನೂ ಗ್ರಬ್ ಸ್ಕ್ರೂಗಳನ್ನೂ ಇನ್ನೊಮ್ಮೆ ನೋಡಿ, ಹೊಸ ಚೈನ್ ಅಷ್ಟರಲ್ಲಿ ತುಸು ಸಡಿಲಾಗಿರುತ್ತದೆ.