ಟಿವಿ ನೆನಪಿಟ್ಟುಕೊಂಡ ದಶಕಗಳು

ಅಮೆರಿಕದ ಸಿಎನ್‌ಎನ್ ವಾಹಿನಿಯು 2014ರಲ್ಲಿ ‘ದಿ ಸಿಕ್ಸ್‌ಟೀಸ್’ ಎಂಬ ಸಾಕ್ಷ್ಯಚಿತ್ರ ಸರಣಿಯನ್ನು ಪ್ರಸಾರ ಮಾಡಿ, ಬಳಿಕ ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಿಗೂ ಒಂದೊಂದು ಸರಣಿಯನ್ನು ತಂದಿತು. ನಟ ಟಾಮ್ ಹ್ಯಾಂಕ್ಸ್ ಇವುಗಳ ನಿರ್ಮಾಪಕರಲ್ಲೊಬ್ಬರು. ಮಳೆಗಾಲದಲ್ಲಿ ಮಡಿಕೇರಿಯ ಮನೆಯೊಳಗೆ ಕುಳಿತು ಇವನ್ನು ನೋಡಿದ ನನಗೆ ಎದ್ದು ಕಂಡದ್ದೆಂದರೆ, ನಾಲ್ಕೂ ಸರಣಿಗಳ ಮೊದಲ ಕಂತು ಟಿವಿಯ ಕುರಿತೇ ಇದೆ; ಕೆನಡಿ ಹತ್ಯೆ, ವಿಯೆಟ್ನಾಂ ಯುದ್ಧ ಎಲ್ಲವೂ ಅದರ ಹಿಂದೆ ಬರುತ್ತವೆ.

ನಿರೂಪಕರ ದನಿಯಿಲ್ಲದೆ ಹಳೆಯ ದೃಶ್ಯಗಳನ್ನೂ ಸಂದರ್ಶನಗಳನ್ನೂ ಹೆಣೆದು ಕಥೆ ಹೇಳುವವರಿಗೆ ಟಿವಿಯಿಂದಲೇ ಹೊರಡುವ ಈ ದಾರಿ ಅನಿವಾರ್ಯವೂ ಹೌದು. 1964ರ ಫೆಬ್ರವರಿ 9ರಂದು ಬ್ರಿಟನ್ನಿನ ಬೀಟಲ್ಸ್ ಸಂಗೀತ ತಂಡ ಅಮೆರಿಕದ ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಹಾಡಿದ್ದನ್ನು ಸುಮಾರು 7.3 ಕೋಟಿ ಜನ ನೋಡಿದ್ದರು. ಹಾಗೆ ಒಟ್ಟಾಗಿ ನೋಡಿದವರನ್ನು ಒಂದು ತಲೆಮಾರು ಎನ್ನಲು ಅಡ್ಡಿಯಿಲ್ಲ.

ಆದರೆ ಅದೇ ಅಳತೆಗೋಲನ್ನು ಕೊಡಗಿಗೆ ತಂದರೆ ನಮ್ಮ ಎಪ್ಪತ್ತರ ದಶಕವೇ ಕಾಣೆಯಾಗುತ್ತದೆ. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು 2-1ರಿಂದ ಮಣಿಸಿ ಹಾಕಿ ವಿಶ್ವಕಪ್ ಗೆದ್ದಾಗ, ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಅವರಿದ್ದರೂ, ಇಲ್ಲಿನವರಿಗೆ ಆ ಪಂದ್ಯ ತಲುಪಿದ್ದು ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆಯಾಗಿ, ಜಗಲಿಯ ಟ್ರಾನ್ಸಿಸ್ಟರಿನ ಗೊರಗೊರ ಸದ್ದಿನ ನಡುವೆ. (ಹಿಂದಿ ಬಾರದವರಿಗೂ ‘ಗೋಲ್’ ಎಂಬುದು ತಿಳಿಯುತ್ತಿತ್ತು.) ಟಿವಿ ಬಂದ ಮೇಲೂ ಬೆಟ್ಟಗಳ ಮರೆಯಲ್ಲಿ ಚಿತ್ರ ನಿಲ್ಲುತ್ತಿರಲಿಲ್ಲ, ಒಬ್ಬರು ಮಾಡಿನ ಮೇಲೆ ಆಂಟೆನಾ ತಿರುಗಿಸುತ್ತ ‘ಈಗ ಬಂತಾ?’ ಎಂದರೆ, ಒಳಗಿನಿಂದ ‘ಬಂತು, ಬಂತು… ಹೋಯ್ತು’ ಎಂಬ ಉತ್ತರ. 1988ರಲ್ಲಿ ಶ್ಯಾಮ್ ಬೆನಗಲ್ ಅವರ ಟಿವಿ ಸರಣಿ ‘ಭಾರತ್ ಏಕ್ ಖೋಜ್’ ಬಂದಾಗ ನಾವು ಸಾವಿರಾರು ವರ್ಷಗಳ ಚರಿತ್ರೆಯನ್ನು ಚುಕ್ಕಿಗಳ ಮಳೆಯ ಹಿಂದಿನಿಂದಲೇ ನೋಡಿದೆವು.

ನಮ್ಮ ತಲೆಮಾರುಗಳ ಕುರಿತು ಯಾರಾದರೂ ಸರಣಿ ಮಾಡುವುದಾದರೆ, ದೃಶ್ಯ ಸಿಕ್ಕ ಕಡೆಯಿಂದ ಹೊರಡದೆ ರೇಡಿಯೊ ಕೇಳಿದವರಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಆ ಪಂದ್ಯದ ಕೊನೆಯ ನಿಮಿಷಗಳನ್ನು ಇಂದಿಗೂ ಅದೇ ಧಾಟಿಯಲ್ಲಿ ಹೇಳಿ ತೋರಿಸುವ ಹಿರಿಯರು ನಮ್ಮಲ್ಲಿದ್ದಾರೆ. ಮೊದಲ ಕಂತಿಗೆ ಅಷ್ಟು ಸಾಮಗ್ರಿ ಸಾಕು.